ತೊಳೆಯದ ಡಬ್ಬಿಗಳು

"ಊಟ ಆದ್ಮೇಲೆ ಡಬ್ಬಿ ತೊಳೀಬೇಡಿ, ಹಾಗೇ ಮುಚ್ಚಿ ಕೊಡಿ" ಎಂದು ಆರಾಧನಾ ತನ್ನ ಗಿರಾಕಿಗಳಿಗೆಲ್ಲ ಹೇಳಿಬಿಟ್ಟಿದ್ದಳು. ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಇಂಥ ಮಾತನ್ನು ಯಾರೂ ಕೇಳಿರಲಿಲ್ಲ. ಪಕ್ಕದ ಮನೆಯಿಂದ ಒಂದು ಬಟ್ಟಲು ಬಂದರೆ ಅದನ್ನು ಬೆಳಗಿ, ಒಂದು ಚೂರು ಸಕ್ಕರೆಯನ್ನಾದರೂ ಹಾಕಿ ಹಿಂದಿರುಗಿಸುವ ಜನ ಅವರು. ಆದರೂ ಹುಡುಗಿ ಅಷ್ಟೊಂದು ಕೇಳಿಕೊಳ್ಳುತ್ತಾಳಲ್ಲ ಎಂದು ಮುಜುಗರಪಡುತ್ತಲೇ ಕೊಡುತ್ತಿದ್ದರು.

ಮುಜುಗರವೆಲ್ಲ ಇಲ್ಲದೆ ನೇರವಾಗಿ ಜಗಳಕ್ಕೆ ನಿಂತವರು ಅವಳ ಅಜ್ಜಿ ಅಂಬುಜಮ್ಮ.

"ಯಾರ್ಯಾರೋ ಉಂಡ ಎಂಜಲು ಡಬ್ಬೀನ ಮನೆ ಒಳಗೆ ತರ್ತೀಯಲ್ಲೇ, ಬುದ್ಧಿ ಇದೆಯಾ ನಿನಗೆ?"

"ನನಗೆ ಬೇಕಾಗಿರೋದೇ ಎಂಜಲು ಅಜ್ಜಿ. ಯಾರು ಏನು ಬಿಟ್ಟಿದಾರೆ ಅಂತ ನೋಡ್ಬೇಕು."

"ಫೋನ್ ಮಾಡಿ ಕೇಳು. ಬಾಯಿಲ್ವಾ ಅವರಿಗೆ?"

"ಕೇಳಿದ್ರೆ ಎಲ್ಲರೂ ಚೆನ್ನಾಗಿತ್ತಮ್ಮ ಅಂತಾರೆ. ಬಿಟ್ಟಿದ್ದು ನೋಡಿದ್ರೇನೇ ಗೊತ್ತಾಗೋದು."

ಕೊನೆಗೆ ರಾಜಿಯಾಯಿತು. ಡಬ್ಬಿಗಳು ಮನೆಯೊಳಗೆ ಬರಕೂಡದು. ಪಕ್ಕದ ಓಣಿಯಿಂದ ನೇರ ಹಿತ್ತಲಿಗೆ ಹೋಗಬೇಕು. ಅಲ್ಲಿ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿಕೊಂಡು ಕೂತು ಆರಾಧನಾ ಒಂದೊಂದನ್ನೇ ತೆರೆದು ನೋಡಿ, ತೊಳೆದು, ಬಿಸಿನೀರಿನಲ್ಲಿ ಅದ್ದಿ ಕವುಚಿ ಹಾಕುತ್ತಿದ್ದಳು. ಅಂಬುಜಮ್ಮ ಅವಳ ಮೇಲೆ ನೀರು ಚಿಮುಕಿಸಿಯೇ ಒಳಗೆ ಬಿಡುತ್ತಿದ್ದರು. ಇಪ್ಪತ್ತೇಳು ವರ್ಷದ, ಜಾಹೀರಾತು ಕಂಪನಿಯ ಕೆಲಸ ಬಿಟ್ಟು ಬಂದ ಹುಡುಗಿ ಅದಕ್ಕೂ ಒಗ್ಗಿಕೊಂಡಳು.

ಈ ಎಂಜಲು ನೋಡುವ ಅಭ್ಯಾಸ ಅವಳಿಗೆ ಅಂಟಿದ್ದು ಅಪ್ಪನಿಂದ. ಅಪ್ಪ ರಾಮಾನುಜ ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಹೊಟ್ಟೆಯ ಆಪರೇಷನ್ ಆಗಿ ಮನೆಗೆ ಬಂದಮೇಲೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹೆಂಡತಿ ನೊಂದುಕೊಳ್ಳುತ್ತಾಳೆ ಎಂದು ಏನು ಬಡಿಸಿದರೂ "ಚೆನ್ನಾಗಿದೆ ರಂಗು" ಎನ್ನುತ್ತಿದ್ದರು. ಅವರು ಬಿಟ್ಟ ತಟ್ಟೆಯನ್ನು ನೋಡಿ ನೋಡಿಯೇ ಮಗಳಿಗೆ ತಿಳಿದದ್ದು: ಹುಳಿ ಆಗುತ್ತಿಲ್ಲ, ಹುರಿದ ಅಕ್ಕಿಯ ಗಂಜಿ ಇಳಿಯುತ್ತದೆ, ಮೆಣಸಿನ ಸಾರು ತೆಳ್ಳಗಿದ್ದರೆ ಕುಡಿಯುತ್ತಾರೆ. ಅವರು ತೀರಿಕೊಂಡ ಕೆಲವು ತಿಂಗಳ ಮೇಲೆ, ಆಸ್ಪತ್ರೆಯಿಂದ ಮನೆಗೆ ಬಂದವರಿಗೆ, ಹಲ್ಲು ಹೋದ ವಯಸ್ಸಾದವರಿಗೆ ಮಧ್ಯಾಹ್ನದ ಪಥ್ಯದ ಊಟ ಕಳಿಸುವ ಕೆಲಸ ಶುರು ಮಾಡಿದಳು. ಅಡುಗೆ ಅಮ್ಮ ರಂಗನಾಯಕಿಯದು. ಸ್ಕೂಟರಿನಲ್ಲಿ ತಲುಪಿಸುವುದು ತಮ್ಮ ವಂಶಿಯದು; ಅವನು ಆಡಿಟರ್ ಒಬ್ಬರ ಬಳಿ ಕೆಲಸ ಕಲಿಯುತ್ತ ಸಿ.ಎ. ಓದುತ್ತಿದ್ದ.

ಡಬ್ಬಿಗಳು ನಿಜವಾಗಿ ಉಪಯೋಗಕ್ಕೆ ಬಂದವು. ಬದರೀನಾರಾಯಣ ಎಂಬ ನಿವೃತ್ತ ಎಂಜಿನಿಯರರು ದಿನವೂ ಹುರುಳಿಕಾಯಿ ಪಲ್ಯವನ್ನು ಬಿಡುತ್ತಿದ್ದರು. ಫೋನಿನಲ್ಲಿ "ಬಹಳ ರುಚಿಯಾಗಿತ್ತು" ಎಂದರು. ಆರಾಧನಾ ಅವರ ಮನೆಗೇ ಹೋಗಿ ಕೂತು ನೋಡಿದಳು. ಅವರ ಕೈ ನಡುಗುತ್ತಿತ್ತು, ಉದ್ದುದ್ದ ಹೆಚ್ಚಿದ ಕಾಯಿ ಚಮಚದಲ್ಲಿ ನಿಲ್ಲುತ್ತಿರಲಿಲ್ಲ. ಮರುದಿನದಿಂದ ಪಲ್ಯವನ್ನು ಸಣ್ಣಗೆ ಹೆಚ್ಚಿಸಿ, ಸ್ವಲ್ಪ ಬೇಳೆ ಹಾಕಿ ಅಂಟುವಂತೆ ಮಾಡಿಸಿದಳು. ಡಬ್ಬಿ ಖಾಲಿ ಬಂತು. ಅವತ್ತು ಅವಳು ಖುಷಿಯಿಂದ ಹಿತ್ತಲಿನಿಂದಲೇ ಕೂಗಿ ಹೇಳಿದಳು. ಒಳಗಿನಿಂದ ರಂಗನಾಯಕಿ "ಹೌದಾ, ಸರಿ" ಎಂದಳು.

ರಂಗನಾಯಕಿ ಈಚೆಗೆ ಎಲ್ಲಕ್ಕೂ ಹಾಗೇ ಹೇಳುತ್ತಿದ್ದಳು. ಗಂಡ ಹೋದ ದುಃಖ ಎಂದು ಎಲ್ಲರೂ ಅಂದುಕೊಂಡಿದ್ದರು. ದುಃಖವೂ ಇತ್ತು, ಸುಳ್ಳಲ್ಲ. ಆದರೆ ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿ ಬೇರೆಯೇ ಇತ್ತು. ಅವಳಿಗೆ ರುಚಿ ತಿಳಿಯುತ್ತಿರಲಿಲ್ಲ, ವಾಸನೆಯೂ ತಿಳಿಯುತ್ತಿರಲಿಲ್ಲ.

ಗಂಡ ತೀರಿಕೊಂಡ ವಾರ ಅವಳಿಗೆ ಜೋರು ಜ್ವರ, ನೆಗಡಿ. ಆ ಗಲಾಟೆಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೂತಕದ ದಿನಗಳ ಊಟ ಹೇಗೂ ಸಪ್ಪೆ, ಹಾಗಾಗಿ ಅವಳಿಗೂ ತಿಳಿಯಲಿಲ್ಲ. ಸೂತಕ ಕಳೆದು ಸಿಹಿ ಉಣ್ಣುವ ಶುಭಸ್ವೀಕಾರದ ದಿನ ಹೋಳಿಗೆಯನ್ನು ಬಾಯಿಗಿಟ್ಟಾಗ ಒದ್ದೆ ಬಟ್ಟೆ ಅಗಿದ ಹಾಗಾಯಿತು. ಗಂಡ ಹೋದಮೇಲೆ ಹೆಂಗಸರಿಗೆ ಹೀಗೇ ಆಗುತ್ತದೇನೋ ಎಂದುಕೊಂಡು ನುಂಗಿದಳು. ವರ್ಷ ಕಳೆಯಿತು, ವರ್ಷಾಬ್ದಿಕವೂ ಮುಗಿಯಿತು, ನಾಲಿಗೆ ಹಿಂದಿರುಗಲಿಲ್ಲ.

ಆ ಮನೆಯಲ್ಲಿ ಇದನ್ನು ಮುಚ್ಚಿಡುವುದು ಕಷ್ಟವೇನಲ್ಲ. ಮಾಡಿದ್ದನ್ನೆಲ್ಲ ಮೊದಲು ದೇವರಿಗೆ ನೈವೇದ್ಯ ಮಾಡಬೇಕು; ಅಲ್ಲಿಯವರೆಗೆ ಯಾರೂ ರುಚಿ ನೋಡುವಂತಿಲ್ಲ. ಡಬ್ಬಿಗೆ ಹೋಗುವ ಊಟಕ್ಕೂ ಅದೇ ಕ್ರಮ. ಮೂವತ್ತು ವರ್ಷ ರುಚಿ ನೋಡದೆ ಕೈಯಳತೆಯಲ್ಲೇ ಮಾಡಿದವಳು ರಂಗನಾಯಕಿ. "ನಮ್ಮ ರಂಗು ಕೈ ತಪ್ಪಲ್ಲ" ಎಂದು ಗಂಡ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಆ ಮಾತು ಮನೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಎಲ್ಲರ ಎಂಜಲನ್ನೂ ಕೆದಕುವ ಆರಾಧನಾ ಕೂಡ ಡಬ್ಬಿ ತುಂಬುವ ಮುನ್ನ ಒಂದು ಚಮಚ ಬಾಯಿಗೆ ಹಾಕಿ ನೋಡುತ್ತಿರಲಿಲ್ಲ. ನೋಡಿದರೆ ಅಮ್ಮನನ್ನು ಅನುಮಾನಿಸಿದ ಹಾಗೆ.

ಇದು ಗೊತ್ತಾದರೆ ತನ್ನನ್ನು ಒಲೆಯ ಮುಂದಿನಿಂದ ಎಬ್ಬಿಸುತ್ತಾರೆ ಎಂಬುದೊಂದೇ ರಂಗನಾಯಕಿಯ ಭಯ. ಎಬ್ಬಿಸಿದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಿ ನಿಲ್ಲಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಯುಗಾದಿಯ ದಿನ ಬೇವು ಬೆಲ್ಲ ಹಂಚುವಾಗ ವಂಶಿಗೆ ಬರೀ ಬೇವೇ ಹೆಚ್ಚು ಬಂತು. ಅವನು ಮುಖ ಸಿಂಡರಿಸಿದ. ಪಕ್ಕದಲ್ಲಿ ಅಮ್ಮ ಒಂದು ಹಿಡಿ ಬೇವಿನ ಹೂವನ್ನು ಕಡಲೆಯ ಹಾಗೆ ಅಗಿದು ನುಂಗಿದಳು.

"ಅಮ್ಮಂಗೆ ಕಹೀನೂ ಸಿಹೀನೇ ಗುರು" ಎಂದು ವಂಶಿ ನಕ್ಕ. ಎಲ್ಲರೂ ನಕ್ಕರು. ಅಂಬುಜಮ್ಮ ಮಾತ್ರ ಸೊಸೆಯ ಮುಖವನ್ನು ನೋಡುತ್ತಿದ್ದರು.

ಅಂಬುಜಮ್ಮನಿಗೆ ಎಂಬತ್ತೆರಡು. ಕಣ್ಣು ಮಂಜು, ಮಂಡಿ ನೋವು, ಮೂಗು ಮಾತ್ರ ಚುರುಕು. ಈಚೆಗೆ ಬೆಳಗಿನ ಹೊತ್ತು ಅವರು ಅಡುಗೆಮನೆಯ ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಅಲ್ಲಿಂದ ಒಂದೇ ಸಮ ಮಾತು.

"ರಂಗನಾಯಕಿ, ಹಾಲು ತಳ ಹಿಡೀತಿದೆ."

"ನೋಡ್ತೀನಿ ಅತ್ತೆ."

"ಇಂಗು ಇನ್ನೂ ಬಿದ್ದಿಲ್ಲ ಅನ್ಸತ್ತೆ."

"ಹಾಕ್ತೀನಿ ಅತ್ತೆ."

"ಆ ನಿನ್ನೆ ಬೇಳೆ ಚೆಲ್ಲಿಬಿಡು. ನನಗೆ ಆಗಲ್ಲ ಆ ವಾಸ್ನೆ."

ಆರಾಧನಾಗೆ ಇದರಿಂದ ರೇಗುತ್ತಿತ್ತು. "ಅಜ್ಜಿ, ಅಮ್ಮನ ಮೇಲೆ ಪೊಲೀಸ್ ಡ್ಯೂಟಿ ಮಾಡ್ಬೇಡ. ಅವಳಿಗೆ ಅಡುಗೆ ಹೇಳ್ಕೊಡ್ಬೇಕಾ ನೀನು? ಅದೂ ಅಲ್ದೆ ನೈವೇದ್ಯಕ್ಕೆ ಮುಂಚೆ ಮೂಸೋದೂ ತಪ್ಪು ಅಂತ ನೀನೇ ಹೇಳ್ತಿದ್ದೆ."

"ನಾನೆಲ್ಲಿ ಮೂಸ್ದೆ? ಗಾಳಿ ತಾನಾಗೇ ಈ ಕಡೆ ಬಂದ್ರೆ ನಾನೇನು ಮಾಡ್ಲಿ" ಎಂದು ಅಂಬುಜಮ್ಮ ಮುಖ ತಿರುಗಿಸಿದರು. ರಂಗನಾಯಕಿ ಬೇಳೆಯನ್ನು ಚೆಲ್ಲಿದಳು.

ಚೈತ್ರ ಕಳೆದು ಸೆಕೆ ಜೋರಾಯಿತು. ಅಂಬುಜಮ್ಮನನ್ನು ಚಾಮರಾಜಪೇಟೆಯಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು, ಅವಳ ಮಗಳ ಸೀಮಂತವಿತ್ತು. ಹೊರಡುವಾಗ ಮುದುಕಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಸೆಕೆ ಕಾಲ ರಂಗನಾಯಕಿ. ಏನಿದ್ರೂ ಅವತ್ತವತ್ತೇ ಮಾಡು. ಕಾಯಿ ರುಬ್ಬಿ ಇಟ್ಕೋಬೇಡ."

"ಸರಿ ಅತ್ತೆ."

"ನಾನು ಬರೋದು ವಾರ ಆಗತ್ತೆ."

"ಸರಿ ಅತ್ತೆ, ಹೋಗ್ಬನ್ನಿ."

ಆ ವಾರ ಆರಾಧನಾಗೆ ಕಾಲು ನಿಲ್ಲಲಿಲ್ಲ. ಹತ್ತಿರದ ಒಂದು ಆಸ್ಪತ್ರೆಯವರು ಮನೆಗೆ ಹೋಗುವ ರೋಗಿಗಳಿಗೆಲ್ಲ ಅವಳ ಊಟದ ವಿಷಯ ಹೇಳಲು ಒಪ್ಪುವ ಹಾಗಿದ್ದರು. ಅವಳು ಅಲ್ಲಿ ವಾರ್ಡಿನಲ್ಲಿ ಕೂತು, ಯಾರಿಗೆ ಏನು ಬೇಕೆನಿಸುತ್ತದೆ, ಯಾವ ಹೊತ್ತಿಗೆ ಹಸಿವಾಗುತ್ತದೆ, ಯಾವ ವಾಸನೆಗೆ ಓಕರಿಕೆ ಬರುತ್ತದೆ ಎಂದು ಎಲ್ಲರನ್ನೂ ವಿಚಾರಿಸುತ್ತಿದ್ದಳು. ಮನೆಗೆ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಡಬ್ಬಿ ತುಂಬುವುದೂ ವಂಶಿಯ ಪಾಲಿಗೆ ಬಂತು. ಕಿವಿಗೆ ವೈರು ಸಿಕ್ಕಿಸಿಕೊಂಡು ಅವನು ಲೆಕ್ಕದ ಪಾಠ ಕೇಳುತ್ತಲೇ ತುಂಬುತ್ತಿದ್ದ.

ಒಂದು ಸಂಜೆ ರಂಗನಾಯಕಿ ಮರುದಿನದ ಸೋರೆಕಾಯಿ ಕೂಟಿಗೆ ಕಾಯಿ ರುಬ್ಬಿ ಫ್ರಿಜ್ಜಿನಲ್ಲಿಟ್ಟಳು. ಬೆಳಿಗ್ಗೆ ಕೆಲಸ ಬೇಗ ಆಗಲಿ ಎಂದಷ್ಟೆ. ರಾತ್ರಿಯೆಲ್ಲ ಕರೆಂಟಿರಲಿಲ್ಲ. ಬೆಳಿಗ್ಗೆ ಬಟ್ಟಲನ್ನು ತೆಗೆದಾಗ ಕಾಯಿ ಬೆಳ್ಳಗೇ ಇತ್ತು, ಕೈಗೆ ನುಣ್ಣಗೇ ಇತ್ತು. ಹೊಸ್ತಿಲ ಬಳಿ ಕುರ್ಚಿ ಖಾಲಿಯಿತ್ತು. ಅವಳು ಕಾಯಿಯನ್ನು ಹಾಕಿ ಕುದಿಸಿ, ಒಗ್ಗರಣೆ ಕೊಟ್ಟು, ದೇವರಿಗೆ ತೋರಿಸಿದಳು. ಡಬ್ಬಿ ತುಂಬುವಾಗ ವಂಶಿಯ ಮೂಗಿಗೆ ಬಡಿದದ್ದು ಇಂಗಿನ ಒಗ್ಗರಣೆಯ ಘಮವಷ್ಟೆ.

ಅವತ್ತು ಸಂಜೆ ಡಬ್ಬಿಗಳಲ್ಲಿ ಕೂಟು ಹೆಚ್ಚುಕಡಿಮೆ ಹಾಗೇ ಹಿಂದೆ ಬಂದಿತ್ತು. ಅಕ್ಕ ಸುಸ್ತಾಗಿ ಬರುತ್ತಾಳೆ ಎಂದು ವಂಶಿ ತಾನೇ ಎಲ್ಲವನ್ನೂ ತೊಳೆದಿಟ್ಟ. ಯಾರೂ ಹೇಳದೆ ಅವನು ತಾನಾಗಿ ಮಾಡಿದ ಒಂದೇ ಒಂದು ಉಪಕಾರ ಅದು. ಒಂದು ಡಬ್ಬಿ ಮಾತ್ರ ಬಂದಿರಲಿಲ್ಲ.

ಅದನ್ನು ಮರುದಿನ ಬೆಳಿಗ್ಗೆ ಈಶ್ವರ್ ತಾನೇ ತಂದ. ಅವನ ತಾಯಿ ಸರಸ್ವತಮ್ಮ ಶಾಲೆಯ ಟೀಚರಾಗಿ ನಿವೃತ್ತರಾದವರು. ಪಿತ್ತಕೋಶದ ಆಪರೇಷನ್ ಆದಂದಿನಿಂದ ಆರಾಧನಾಳ ಊಟವನ್ನೇ ಉಣ್ಣುತ್ತಿದ್ದರು. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಗೇಟಿನ ಹೊರಗೇ ನಿಂತು ಮೆಲ್ಲಗೆ ಮಾತಾಡಿದ.

"ಅಮ್ಮನ್ನ ರಾತ್ರಿ ಅಡ್ಮಿಟ್ ಮಾಡಿದೀವಿ. ವಾಂತಿ ನಿಲ್ತಾನೇ ಇಲ್ಲ, ಡ್ರಿಪ್ ಹಾಕಿದಾರೆ."

"ಅಯ್ಯೋ... ಏನಾಯ್ತು ಸರ್?"

"ಡಬ್ಬಿ ತೊಳ್ದಿಲ್ಲ. ನೀವೇ ಹೇಳಿದ್ರಲ್ಲ, ತೊಳೀಬೇಡಿ ಅಂತ. ನೋಡಿ" ಎಂದು ಅದನ್ನು ಅವಳ ಕೈಗಿಟ್ಟು ಹೊರಟುಹೋದ.

ಆರಾಧನಾ ಹಿತ್ತಲಿಗೆ ಹೋಗಿ ಮುಚ್ಚಳ ತೆಗೆದಳು. ಹುಳಿತ ನಾತ ಮುಖಕ್ಕೆ ಬಡಿಯಿತು. ಒಂದು ದಿನದ ಹಿಂದಿನದು, ಹಳಸಿರುತ್ತದೆ, ಸರಿ. ಆದರೆ ಇದು ಡಬ್ಬಿಗೆ ಬೀಳುವಾಗಲೇ ಕೆಟ್ಟಿರಬೇಕು. ಅವಳು ಅಜ್ಜಿಯ ಕಟ್ಟಳೆಯನ್ನೆಲ್ಲ ಮರೆತು ಡಬ್ಬಿಯನ್ನು ಹಿಡಿದುಕೊಂಡು ನೇರ ಅಡುಗೆಮನೆಗೆ ಹೋದಳು.

"ಅಮ್ಮ, ಕೂಟಿನ ಕಾಯಿ ಯಾವಾಗ ರುಬ್ಬಿದ್ದು?"

"ಮೊನ್ನೆ ಸಂಜೆ. ಫ್ರಿಜ್ಜಲ್ಲಿ ಇಟ್ಟಿದ್ನಲ್ಲ."

"ರಾತ್ರಿ ಎಲ್ಲ ಕರೆಂಟ್ ಇರ್ಲಿಲ್ಲ. ಬೆಳಿಗ್ಗೆ ವಾಸ್ನೆ ಬರ್ಲಿಲ್ವಾ ನಿನಗೆ?"

"ಇಲ್ವಲ್ಲ. ಚೆನ್ನಾಗೇ ಇತ್ತು."

"ಇದನ್ನ ನೋಡು."

ರಂಗನಾಯಕಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಡಬ್ಬಿ ತೆಗೆದುಕೊಂಡಳು. ಮೂಗಿನ ಹತ್ತಿರ ಹಿಡಿದಳು. ಏನು ಹೇಳಬೇಕೆಂದು ಮಗಳ ಮುಖವನ್ನು ನೋಡಿದಳು. ಅಲ್ಲಿ ಏನೂ ಸಿಗಲಿಲ್ಲ.

"ಏನಾಗಿದೆ? ಸರಿಯಾಗೇ ಇದೆಯಲ್ಲ."

ಹಾಗೆಂದು, ನೈವೇದ್ಯಕ್ಕೆ ಮುಂಚೆ ಒಂದು ಹರಳು ಉಪ್ಪನ್ನೂ ನಾಲಿಗೆಗಿಡದವಳು, ಯಾರೋ ಉಂಡು ಬಿಟ್ಟ ಆ ಹಳಸಿದ ಕೂಟಿಗೆ ಬೆರಳು ಅದ್ದಿ ಬಾಯಿಗಿಟ್ಟುಕೊಂಡಳು. ಚಪ್ಪರಿಸಿದಳು.

"ಉಪ್ಪು ಒಂದು ಕಡಿಮೆ ಇರಬಹುದು" ಎಂದಳು.

ಆರಾಧನಾ ಡಬ್ಬಿಯನ್ನು ಕಿತ್ತುಕೊಂಡಳು. "ಉಗಿ ಅಮ್ಮ. ಉಗೀ, ಬಾಯಿ ತೊಳ್ಕೊ." ರಂಗನಾಯಕಿ ಸಿಂಕಿಗೆ ಉಗಿದು ಬಾಯಿ ಮುಕ್ಕಳಿಸಿದಳು. ಆಮೇಲೆ ನಲ್ಲಿಯನ್ನು ನಿಲ್ಲಿಸದೆ ಹಾಗೇ ನಿಂತಳು.

"ಎಷ್ಟು ದಿನದಿಂದ?"

"ನಿಮ್ಮಪ್ಪ ಹೋದಾಗಿಂದ."

"ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ವಲ್ಲ" ಎಂದಳು ರಂಗನಾಯಕಿ. ಅದರಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೆ.

ಸರಸ್ವತಮ್ಮ ಮೂರನೆಯ ದಿನ ಮನೆಗೆ ಬಂದರು. ಆರಾಧನಾ ಹೋಗಿ ಅವರ ಹಾಸಿಗೆಯ ಪಕ್ಕ ಕೂತು ಕ್ಷಮೆ ಕೇಳಿದಳು. ಈಶ್ವರ್ ಪಕ್ಕದ ಕೋಣೆಯಿಂದ ಹೊರಗೆ ಬರಲಿಲ್ಲ.

"ವಾಸ್ನೆ ಬಂತಮ್ಮ ನನಗೆ" ಎಂದರು ಸರಸ್ವತಮ್ಮ. "ಆದ್ರೂ ನಿಮ್ಮಮ್ಮ ಮಾಡಿದ್ದು, ಕೆಟ್ಟಿರಲ್ಲ, ನನ್ನ ಬಾಯೇ ಕೆಟ್ಟಿರಬೇಕು ಅಂತ ತಿಂದ್ಬಿಟ್ಟೆ."

ಆರಾಧನಾ ಅವರ ಹೊದಿಕೆಯನ್ನು ಸರಿಮಾಡಿ ಎದ್ದಳು. ದಾರಿಯುದ್ದಕ್ಕೂ ಅವಳಿಗೆ ಅಳುವೂ ಬರಲಿಲ್ಲ. ಸಂಪಿಗೆ ರಸ್ತೆಯಲ್ಲಿ ಎಂದಿನ ಹಾಗೆ ಹೂವು, ಮಾವಿನಹಣ್ಣು, ಜನ ಎಲ್ಲ ಇತ್ತು. ಅವಳು ಹಣ್ಣನ್ನು ಕೊಂಡು ಮನೆಗೆ ಬಂದು, ಕೊಂಡದ್ದನ್ನು ನೋಡಿ, ಅಮ್ಮನಿಗೆ ಇದರಿಂದ ಏನು ಪ್ರಯೋಜನ ಎಂದು ಅಲ್ಲೇ ಮೇಜಿನ ಮೇಲಿಟ್ಟಳು.

ಊಟ ಕಳಿಸುವುದು ನಿಂತಿತು. ಆಸ್ಪತ್ರೆಯವರಿಗೆ ಆರಾಧನಾ ತಾನೇ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಅವರು ಮತ್ತೆ ಫೋನ್ ಮಾಡಲಿಲ್ಲ. ವೈದ್ಯರು ರಂಗನಾಯಕಿಯ ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ನರಕ್ಕೆ ಪೆಟ್ಟಾಗಿದೆ, ಬಂದರೆ ಬರಬಹುದು, ಬರದೆಯೂ ಇರಬಹುದು ಎಂದರು. ಆರಾಧನಾ ಮನೆಯ ಅಡುಗೆಗೆ ಒಬ್ಬರನ್ನು ಗೊತ್ತುಮಾಡಿದಳು.

"ನೀನು ಸ್ವಲ್ಪ ದಿನ ರೆಸ್ಟ್ ತಗೊ ಅಮ್ಮ" ಎಂದಳು ಆರಾಧನಾ.

"ಸರಿ" ಎಂದಳು ರಂಗನಾಯಕಿ.

ಅವಳು ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಕೂತಳು. ಟಿ.ವಿ. ಹಾಕಿಕೊಟ್ಟರೆ ನೋಡುತ್ತಿದ್ದಳು, ಆರಿಸಿದರೆ ಸುಮ್ಮನಿರುತ್ತಿದ್ದಳು. ಕೈಗಳಿಗೆ ಏನು ಮಾಡಬೇಕೆಂದು ತಿಳಿಯದೆ ಸೆರಗಿನ ಅಂಚನ್ನು ಮಡಚುವುದು, ಬಿಡಿಸುವುದು. ಹೀಗೇ ಅಂಬುಜಮ್ಮ ಬರುವವರೆಗೂ ನಡೆಯಿತು.

ಮುದುಕಿ ಚಪ್ಪಲಿ ಬಿಟ್ಟು ಒಳಗೆ ಬಂದವರೇ ಹಾಲ್‌ನಲ್ಲಿ ಸೊಸೆಯನ್ನು ಕಂಡರು. ಅಡುಗೆಮನೆಯಲ್ಲಿ ಬೇರೆ ಯಾರದೋ ಬಳೆಯ ಸದ್ದು ಕೇಳಿದರು. ವಂಶಿ ಎಲ್ಲವನ್ನೂ ಹೇಳಿದ.

"ನನಗೆ ಗೊತ್ತಿತ್ತು" ಎಂದರು.

ಆರಾಧನಾ ತಿರುಗಿ ನೋಡಿದಳು. "ಗೊತ್ತಿತ್ತಾ? ಗೊತ್ತಿದ್ದೂ ಹೇಳ್ಲಿಲ್ವಾ ಅಜ್ಜಿ? ಒಬ್ರ ಪ್ರಾಣ ಹೋಗ್ತಿತ್ತು."

"ಹೋಗ್ತಿತ್ತು. ನನ್ನದೂ ತಪ್ಪೇ. ನಾನಿರೋವಾಗ ನೋಡ್ಕೋತೀನಿ ಅನ್ಕೊಂಡಿದ್ದೆ. ಸೀಮಂತದ ಊಟ ತಿನ್ನೋ ಆಸೆಗೆ ಹೋಗ್ಬಿಟ್ಟೆ."

"ನನಗೆ ಒಂದು ಮಾತು ಹೇಳ್ಬೋದಿತ್ತು."

"ಹೇಳಿದ್ರೆ ಏನು ಮಾಡ್ತಿದ್ದೆ?"

"ಡಾಕ್ಟರ ಹತ್ರ ಕರ್ಕೊಂಡ್ಹೋಗ್ತಿದ್ದೆ."

"ಆಮೇಲೆ?"

ಆರಾಧನಾ ಅಮ್ಮನ ಕಡೆ ನೋಡಿದಳು.

"ಆಮೇಲೆ ಒಲೆ ಮುಂದಿಂದ ಎಬ್ಬಿಸಿ ಇಲ್ಲಿ ಕೂರಿಸ್ತಿದ್ದೆ. ಈಗ ಕೂರಿಸಿಲ್ವಾ? ಊರೋರ ಎಂಜಲೆಲ್ಲ ನೋಡ್ತೀಯ. ಇವಳು ಕೊನೇಲಿ ಒಬ್ಬಳೇ ಉಣ್ತಾಳೆ, ಉಂಡ ತಟ್ಟೆ ತಾನೇ ತೊಳೆದಿಡ್ತಾಳೆ. ಅದರಲ್ಲಿ ಏನಿರತ್ತೆ ಅಂತ ಒಂದು ದಿನ ನೋಡಿದೀಯಾ?"

"ಬಿಡಿ ಅತ್ತೆ" ಎಂದಳು ರಂಗನಾಯಕಿ ಕೂತಲ್ಲಿಂದಲೇ. "ಮಗು ಕೆಲಸ ಎಲ್ಲ ಹಾಳಾಗಿದೆ. ಈಗ ಅದಕ್ಕೆ ಯಾಕೆ ಬೈತೀರಿ."

ಆ ಮಾತು ಆರಾಧನಾಳಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ಅವಳು ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತಳು. ಬದರೀನಾರಾಯಣರ ಮನೆಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಹೀಗೆ ಕೂತು ಕೇಳುವುದು ಅವಳಿಗೆ ಎಷ್ಟು ಸಲೀಸಾಗಿತ್ತು. ಇಲ್ಲಿ ಅಮ್ಮ ಮಡಚುತ್ತಿದ್ದ ಸೆರಗಿನ ಅಂಚನ್ನು ಹಿಡಿದುಕೊಳ್ಳಬೇಕಾಯಿತು.

"ಏನು ಗೊತ್ತಾಗತ್ತೆ ನಿನಗೆ, ತಿನ್ನೋವಾಗ?"

"ಬಿಸಿ ಗೊತ್ತಾಗತ್ತೆ. ತಣ್ಣಗಿದ್ರೆ ಗೊತ್ತಾಗತ್ತೆ."

"ಇನ್ನೇನು?"

"ಗರಿಗರಿ ಇದ್ರೆ ಗೊತ್ತಾಗತ್ತೆ. ಮೆಣಸು ಒಂಚೂರು ಚುರುಕ್ ಅನ್ನತ್ತೆ, ರುಚಿ ಅಲ್ಲ, ಉರಿ." ಆಮೇಲೆ ಸೇರಿಸಿದಳು: "ನಿಮ್ಮಪ್ಪಂಗೆ ಮಾಡ್ತಿದ್ನಲ್ಲ, ತೆಳ್ಳಗೆ ಮೆಣಸಿನ ಸಾರು, ಅದು ಈಗ ಬಿಸಿನೀರು ಅಷ್ಟೆ."

ಗೊತ್ತುಮಾಡಿದ್ದ ಅಡುಗೆಯವರಿಗೆ ತಿಂಗಳ ಸಂಬಳ ಕೊಟ್ಟು ಕಳಿಸಿದರು. ಮರುದಿನ ರಂಗನಾಯಕಿ ಸ್ನಾನ ಮಾಡಿ ಒಲೆಯ ಮುಂದೆ ಬಂದಳು. ಹೊಸ್ತಿಲ ಬಳಿಯ ಕುರ್ಚಿಯಲ್ಲಿ ಅಂಬುಜಮ್ಮ ಕೂತರು. ಈಗ ಗಾಳಿಯ ನೆಪವಿಲ್ಲದೆ ಒಂದೊಂದು ಬಟ್ಟಲನ್ನೂ ಕೈಗೆ ತರಿಸಿಕೊಂಡು ಮೂಸಿದರು. ದೇವರು ಬೇಕಾದರೆ ತನ್ನನ್ನು ಕೇಳಲಿ, ಉತ್ತರ ಕೊಡುತ್ತೇನೆ ಎಂದರು. ನೈವೇದ್ಯವಾದ ಮೇಲೆ ಆರಾಧನಾ ಎಲ್ಲವನ್ನೂ ಚಮಚದಲ್ಲಿ ರುಚಿ ನೋಡಿದಳು. ಅಮ್ಮ ತಲೆ ತಗ್ಗಿಸಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಡಬ್ಬಿ ಕಳಿಸುವುದು ಮತ್ತೆ ಶುರುವಾಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅವತ್ತು ಮನೆಯವರಿಗಷ್ಟೇ ಅಡುಗೆ.

ಎಲ್ಲರ ಊಟವಾದಮೇಲೆ ರಂಗನಾಯಕಿ ಎಂದಿನಂತೆ ಒಬ್ಬಳೇ ಬಡಿಸಿಕೊಂಡು ಕೂತಳು. ಆರಾಧನಾ ಬಾಗಿಲಿಗೆ ಬಂದಳು.

"ಅಮ್ಮ, ಊಟ ಆದ್ಮೇಲೆ ತಟ್ಟೆ ತೊಳೀಬೇಡ. ಹಾಗೇ ಬಿಡು."

ರಂಗನಾಯಕಿ ತಲೆಯೆತ್ತಿದಳು. ಬಹಳ ನಾಚಿಕೆಯಾದವಳ ಹಾಗೆ ಕಂಡಳು. "ಬೇಡ ಕಣೆ, ಎಂಜಲು" ಎಂದಳು.

"ಇರಲಿ."

ರಂಗನಾಯಕಿ ಉಂಡು ಕೈ ತೊಳೆದು ಹಿತ್ತಲಿಗೆ ಹೋದಳು. ತಟ್ಟೆ ಹಾಗೇ ಇತ್ತು. ಗರಿಗರಿ ಸಂಡಿಗೆ ಉಳಿದಿರಲಿಲ್ಲ, ತಣ್ಣನೆಯ ಮೊಸರನ್ನ ಉಳಿದಿರಲಿಲ್ಲ. ಕಲಸಿದ ಸಾರನ್ನ ಮುಟ್ಟಿದ ಹಾಗಿರಲಿಲ್ಲ. ಪಲ್ಯವನ್ನು ಅನ್ನದ ಕೆಳಗೆ ತಳ್ಳಿ ಮುಚ್ಚಿದ್ದಳು, ಯಾರಾದರೂ ನೋಡಿದರೆ ಕಾಣದಿರಲಿ ಎಂದು. ಅಪ್ಪ ಕೊನೆಯ ದಿನಗಳಲ್ಲಿ ಹೀಗೇ ಮುಚ್ಚಿಡುತ್ತಿದ್ದರು.

"ನೋಡಿದ್ಯಾ?" ಎಂದು ರಂಗನಾಯಕಿ ಹಿತ್ತಲಿನಿಂದ ಕೇಳಿದಳು. "ತೊಳೀಲಾ ಇನ್ನ?"

"ಬೇಡಮ್ಮ" ಎಂದಳು ಆರಾಧನಾ. "ಇನ್ನೂ ನೋಡ್ತಿದೀನಿ."